ಬೇರೆಯವಳ ಅಳತೆ

ಫೋನ್ ಮೊಳಗಿದ ಕೂಡಲೇ ಗಂಡ ಎದ್ದು ಕಂಬದ ಆಚೆಗೆ ಹೋದ. ಅವಳು ಕೂತಲ್ಲಿಂದ ಅಲುಗಲಿಲ್ಲ. ಕಿವಿಯನ್ನು ಮಾತ್ರ ಅವನ ಹಿಂದೆ ಕಳಿಸಿದಳು.

"ಇಲ್ಲ, ಅವಳಿಗಿನ್ನೂ ಹೇಳಿಲ್ಲ," ಗಂಡನ ದನಿ ತಗ್ಗಿತ್ತು. "ಅಲ್ಲಿಗೆ ಬರಲಿ. ಎದುರಿಗೆ ಕೂರಿಸಿಕೊಂಡು ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಆ ಕಡೆಯದು ಹೆಣ್ಣುದನಿ. ಮಾತು ತಿಳಿಯಲಿಲ್ಲ, ಅದರ ಮೆದುತನ ತಿಳಿಯಿತು. ಗಂಡ ಆ ಹೆಂಗಸನ್ನು 'ನೀವು' ಎನ್ನುತ್ತಿದ್ದ. ಮೊದಮೊದಲು ತನ್ನನ್ನೂ ಹಾಗೆಯೇ ಕರೆದಿದ್ದ.

ಇದು ಎರಡನೆಯ ವಿಮಾನ ನಿಲ್ದಾಣ. ಮುಂದೆ ಇನ್ನೊಂದು ವಿಮಾನ, ಅದಾದ ಮೇಲೆ ರೈಲು. ಊರು ಬಿಟ್ಟು ಎಷ್ಟು ಹೊತ್ತಾಯಿತೋ, ಅವಳ ಮೈ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು.

"ಯಾರದು ಫೋನು?"

"ಕೆಲಸ ಕೊಟ್ಟವರು. ಯಾವಾಗ ತಲುಪ್ತೀರ ಅಂದ್ರು." ಅವನು ಅವಳ ಮಡಿಲಿನ ಪೊಟ್ಟಣ ನೋಡಿದ. "ಬ್ರೆಡ್ಡು ಹಾಗೇ ಇದೆಯಲ್ಲ. ಇನ್ನೆರಡು ತುತ್ತು ತಿನ್ನು."

"ಹಸಿವಿಲ್ಲ ಅಂದ್ನಲ್ಲ ರೀ."

ಅವನು ಪೊಟ್ಟಣ ಸುತ್ತಿಟ್ಟು, ಅವಳ ಕೈಚೀಲವನ್ನೂ ತನ್ನ ಹೆಗಲಿಗೇ ಏರಿಸಿಕೊಂಡ. ಪಕ್ಕದ ಕುರ್ಚಿಯ ಮುದುಕಿಗೆ ನಗು ತಡೆಯಲಾಗಲಿಲ್ಲ.

"ಹೊಸದಾಗಿ ಮದುವೆಯಾಗಿದ್ದೀರೇನಮ್ಮ? ನಮ್ಮನೆಯವರು ಅವರ ಚೀಲವನ್ನೂ ನನ್ನ ತಲೆ ಮೇಲೇ ಹೇರೋರು."

"ಇವರೂ ಹಾಗೇ ಇದ್ದರು ಅಜ್ಜಿ," ಎಂದಳು. "ಊರು ಬಿಡೋ ಮಾತು ಬಂದ ಮೇಲೆ ಕಲಿತದ್ದು ಇದೆಲ್ಲ."

ಗಂಡ ತಲೆ ತಗ್ಗಿಸಿ ಚೀಲದ ಪಟ್ಟಿ ಸರಿಮಾಡಿಕೊಂಡ.

ಅವನು ದರ್ಜಿ. ಅವನು ಕತ್ತರಿಸಿದ್ದಕ್ಕೆ ಅವಳು ಕಾಲರ್ ಕೂರಿಸಿ, ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು. ಒಂದೇ ಅಂಗಡಿ, ಒಂದೇ ಮೇಜು. ಅಳತೆಯಲ್ಲಿ ಅವನು ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಹಳೆಯ ಬಟ್ಟೆಯನ್ನು ಬಿಗಿ ಮಾಡಿಕೊಟ್ಟರೆ ಹೊಲಿಗೆ ಬಿಚ್ಚಿದ ಗುರುತನ್ನು ತೊಟ್ಟವರೂ ಹುಡುಕಬೇಕಿತ್ತು. ಅಂಥವನು ಒಂದು ದಿನ, ಸಮುದ್ರದಾಚೆ ಸೂಟು ಹೊಲಿಯುವ ಕೆಲಸ ಸಿಕ್ಕಿದೆ, ಅಂಗಡಿ ಮಾರೋಣ ಎಂದ. ಮೊದಲು ಮಾರಿದ್ದು ಹೊಲಿಗೆ ಯಂತ್ರವನ್ನಲ್ಲ, ಗಿರಾಕಿಗಳು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯನ್ನು. ಮನೆಯಲ್ಲಿ ಉಳಿದದ್ದು ಮುಖ ತೊಳೆಯುವ ಕಡೆಯ ಅಂಗೈಯಗಲದ್ದು.

ವೀಸಾಕ್ಕೆಂದು ಇಬ್ಬರಿಗೂ ತಪಾಸಣೆಯಾಯಿತು. ಅವನದು ಒಂದೇ ದಿನಕ್ಕೆ ಮುಗಿಯಿತು. ಅವಳ ರಕ್ತ ಮಾತ್ರ ಮತ್ತೆ ಮತ್ತೆ ಬೇಕಾಯಿತು. ಸ್ವಲ್ಪ ನಿಶ್ಶಕ್ತಿ ಅಷ್ಟೇ ಅಂತೆ, ಎಂದ ಗಂಡ. ತನ್ನನ್ನು ಇಲ್ಲೇ ಬಿಟ್ಟುಹೋಗಲು ನೆಪ ಹುಡುಕುತ್ತಿದ್ದಾನೆಂದು ಅವಳಿಗೆ ಅನ್ನಿಸಿತು. ಆಮೇಲೆ ಅವಳ ಬಟ್ಟೆಗಳ ಇಸ್ತ್ರಿಯನ್ನೂ ತಾನೇ ಮಾಡತೊಡಗಿದ. ತಪ್ಪು ಮಾಡಿದ ಗಂಡಸರು ಹೀಗೆ ಒಮ್ಮೆಲೇ ಒಳ್ಳೆಯವರಾಗುತ್ತಾರೆಂದು ಅವಳು ಕೇಳಿದ್ದಳು.

ಆದರೂ ನಂಬಿರಲಿಲ್ಲ, ಕೋಟು ಸಿಗುವವರೆಗೆ.

ಗಂಟು ಕಟ್ಟುವಾಗ ಅದು ಅವನ ಪೆಟ್ಟಿಗೆಯ ತಳದಲ್ಲಿತ್ತು. ಹೆಂಗಸರ ಉಣ್ಣೆ ಕೋಟು, ಬೂದು ಬಣ್ಣದ್ದು, ಅವನದೇ ಕೈಕೆಲಸ. ತನಗೇ ಇರಬೇಕೆಂದು ಎದೆ ಹಿಗ್ಗಿ ತೊಟ್ಟುಕೊಂಡಳು. ಭುಜ ಜಾರಿತು. ಸೊಂಟದಲ್ಲಿ ಎರಡು ಮುಷ್ಟಿ ಹಿಡಿಸುವಷ್ಟು ಜಾಗ. ಅವಳ ಅಂಗಿಗಳೆಲ್ಲ ಮೈಗೆ ಅಚ್ಚು ಹೊಯ್ದಂತೆ ಕೂರುತ್ತಿದ್ದವು. ಹಾಗಿದ್ದರೆ ಇದು ತುಂಬು ಮೈಯ ಬೇರೆ ಯಾರದೋ. ಅಳತೆ ತಪ್ಪದ ಕೈ ಅದು. ಮಡಚಿ, ಇದ್ದಲ್ಲೇ ಇಟ್ಟಳು. ಹೊರಡುವ ಬೆಳಿಗ್ಗೆ ಯಾಕೋ ತಡೆಯಲಾಗದೆ ಅದನ್ನು ತನ್ನ ಕೈಚೀಲಕ್ಕೆ ಸೇರಿಸಿಕೊಂಡಳು.

ಕೇಳಿಬಿಡಬಹುದಿತ್ತು. ಕೇಳಿದರೆ ಅವನು ಹೂಂ ಎಂದುಬಿಟ್ಟರೆ? ಹೇಗಾದರೂ ಅವನ ಜೊತೆ ದಾಟಿಬಿಡೋಣ, ಅಲ್ಲಿ ಕಣ್ಣಾರೆ ನೋಡಿ, ಬಿಟ್ಟುಕೊಡುವುದಿದ್ದರೆ ಮರ್ಯಾದೆಯಿಂದ ಬಿಟ್ಟುಕೊಡೋಣ ಎಂದುಕೊಂಡಿದ್ದಳು. ಅಂಗಡಿ ಹೋಗಿತ್ತು, ಮನೆ ಹೋಗಿತ್ತು. ಅವಳಿಗೆ ಊರು ಅಂತ ಉಳಿದಿದ್ದು ಇವನೊಬ್ಬನೇ.

ಕೊನೆಯ ವಿಮಾನದಲ್ಲಿ ಅವಳು ಅವನ ಭುಜಕ್ಕೆ ಒರಗಿ ನಿದ್ದೆಹೋದಳು. ಕಣ್ಣು ಬಿಟ್ಟಾಗ ಅವನು ಹೆಬ್ಬೆರಳು ಮತ್ತು ನಡುಬೆರಳಿನಿಂದ ಅವಳ ಮಣಿಕಟ್ಟನ್ನು ಬಳಸಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದ. ಅವಳಿಗೆ ಎಚ್ಚರವಾದದ್ದು ತಿಳಿದು ಕೈಬಿಟ್ಟ.

ರೈಲು ಇಳಿದಾಗ ಚಳಿ ಮುಖಕ್ಕೆ ಬಡಿಯಿತು. ನಿಲ್ದಾಣದ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಗಂಡ ಕೈಯೆತ್ತಿದ. ಆ ಹೆಂಗಸು ನೇರ ಬಂದವಳು ಅವನನ್ನು ಬಿಟ್ಟು ಇವಳ ಎರಡೂ ಕೈ ಹಿಡಿದುಕೊಂಡಳು, ಇವರ ಭಾಷೆಯಲ್ಲೇ ಮಾತಾಡಿದಳು.

"ತುಂಬಾ ಸುಸ್ತಾಗಿರಬೇಕು ನಿಮಗೆ."

ಇಷ್ಟು ದೂರ ಹೊತ್ತುತಂದ ಮಾತು ಇವಳ ಬಾಯಿಗೆ ತಾನಾಗಿ ಬಂತು. ಗಂಡನ ಹೆಗಲಿನ ಚೀಲದಿಂದ ಕೋಟು ಎಳೆದು ಮುಂದೆ ಚಾಚಿದಳು.

"ತಗೊಳ್ಳಿ. ನಿಮ್ಮ ಅಳತೆಗೇ ಹೊಲಿದಿದ್ದಾರೆ. ಕಾಲರ್ ಒಂಚೂರು ಎದ್ದಿದೆ. ನನ್ನ ಕೇಳಿದ್ದರೆ ನಾನೇ ಕೂರಿಸಿಕೊಡ್ತಿದ್ದೆ."

ಆ ಹೆಂಗಸು ಕೋಟನ್ನು ನೋಡಿದಳು, ಗಂಡನನ್ನು ನೋಡಿದಳು. ಆಗಲೇ ಇವಳ ಕಣ್ಣಿಗೆ ಬಿದ್ದದ್ದು, ಕಡ್ಡಿಯಂಥ ಹೆಂಗಸು. ಆ ಕೋಟಿನೊಳಗೆ ಅಂಥವರು ಇಬ್ಬರು ಹಿಡಿಸುತ್ತಿದ್ದರು.

"ಕೊನೆಗೂ ಹೇಳಲೇ ಇಲ್ವಾ ನೀವು?" ಎಂದು ಅವನನ್ನು ಮೆಲ್ಲಗೆ ಕೇಳಿ, ಇವಳ ಕಡೆ ತಿರುಗಿದಳು. "ನಾನು ಆಸ್ಪತ್ರೆಯಿಂದ ಬಂದಿದ್ದೀನಮ್ಮ. ಹಾಸಿಗೆ ಸಿದ್ಧ ಮಾಡಿದ್ದೀವಿ. ಡಾಕ್ಟರು ಇವತ್ತೇ ನೋಡ್ತಾರೆ."

"ಯಾರನ್ನ?"

ಗಂಡ ಕೋಟನ್ನು ಬಿಡಿಸಿ ಹೆಂಡತಿಗೆ ಹೊದಿಸಿದ. ಅದು ಜಾರಿತು. ಮತ್ತೆ ಹೊದಿಸಿ, ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನದೇ ಅಳತೆ ಕಣೇ, ಹೋದ ವರ್ಷದ್ದು," ಎಂದ. "ಬೇರೆ ಬಟ್ಟೆನೆಲ್ಲ ನಿನಗೆ ಗೊತ್ತಾಗದ ಹಾಗೆ ಬಿಗಿ ಮಾಡ್ತಾ ಬಂದೆ, ಇದಕ್ಕೆ ಮಾತ್ರ ಕೈ ಬರಲಿಲ್ಲ."