ಬೆಂಕಿಪೊಟ್ಟಣದಷ್ಟು ಮಾತು

ವರ್ಕ್‌ಶಾಪಿನ ಹಿಂದಿನ ಗೋಡೆಯ ಬಳಿ ಅಣ್ಣ ಸಿಗರೇಟು ಪ್ಯಾಕು ಚಾಚಿದ. ತಮ್ಮನ ಕೈ ಮೇಲೇಳಲಿಲ್ಲ. ಕಿತ್ತಾಡಿಕೊಂಡು ಮನೆ ಪಾಲಾದ ಮೇಲೆ ಇಬ್ಬರ ನಡುವೆ ಉಳಿದಿದ್ದು ಇದೊಂದೇ: “ಬೆಂಕಿ ಇದೆಯಾ?” “ತಗೋ.”

ಬೆಳಿಗ್ಗೆ ಸಿಗರೇಟು ಬಿಡಬೇಕೆಂದು ತಮ್ಮ ಹೋದಾಗ ಡಾಕ್ಟರು ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಡ್ರಾಯರಿಗೆ ವಾಪಸ್ ಹಾಕಿದ್ದರು. “ಇದು ಎದ್ದ ಕೂಡಲೇ ಸೇದೋರಿಗೆ. ರಜಾ ದಿನ ನೆನಪೇ ಆಗಲ್ಲ ಅಂತೀರಲ್ಲ, ನಿಮ್ಮದು ಜೊತೆಯ ಚಟ. ಜೊತೆಗೆ ಸೇದೋ ಜಾಗಕ್ಕೆ ಕಾಲಿಡಬೇಡಿ.”

“ಯಾಕೋ?” ಅಣ್ಣ ಹುಬ್ಬು ಗಂಟಿಕ್ಕಿದ.

“ಬಿಟ್ಟೆ ಅಣ್ಣಾ. ಆದ್ರೆ ಇಲ್ಲಿಗೆ ಬರೋದು ಬಿಡಲ್ಲ. ಸುಮ್ನೆ ನಿಂತಿರ್ತೀನಿ.”

ಅಣ್ಣ ಕಡ್ಡಿ ಗೀರಿದ. ಅದು ಬೆರಳ ತನಕ ಉರಿದು ಆರಿತು. ತುಟಿಯಲ್ಲಿದ್ದ ಸಿಗರೇಟು ಹಾಗೇ ಇತ್ತು. ಅದನ್ನು ತೆಗೆದು, ಗೋಡೆಯನ್ನೇ ನೋಡುತ್ತಾ ಕೇಳಿದ: “ಅಮ್ಮ ನಿಮ್ಮನೇಲಿ ಸರಿಯಾಗಿ ಊಟ ಮಾಡ್ತಾಳೇನೋ?”