ಬಲಗಡೆಯ ಗುಡ್ಡ

ಸ್ಟುಡಿಯೋದವನು ತಮ್ಮಿಬ್ಬರ ಫೋಟೋವನ್ನು ಹೆಂಡತಿಯ ಭುಜದ ಅಂಚಿಗೆ ಕತ್ತರಿಸಿದ ಕೂಡಲೇ, ಕತ್ತಲನ್ನು ಎಡಕ್ಕೂ ಬೆಳಕನ್ನು ಬಲಕ್ಕೂ ಗುಡ್ಡಗಳಾಗಿ ತೋರಿಸುವ ಪರದೆಯ ಮೂಲೆಯ ಹಿಸ್ಟೋಗ್ರಾಮಿನಲ್ಲಿ ಬಲಗಡೆಯ ಗುಡ್ಡ ಕುಸಿದುಹೋಯಿತು. ಆ ಬೆಳಕೆಲ್ಲ ಕಿಟಕಿಯದೆಂದು ಅವನು ಅಂದುಕೊಂಡಿದ್ದ. ಅದು ಅವಳ ಬಿಳಿ ಶಾಲಿನದಾಗಿತ್ತು. ಈಗ ಉಳಿದದ್ದು ಎಡಮೂಲೆಯ ಕತ್ತಲಲ್ಲಿ ಮುದುಡಿದ ಒಂದೇ ಗುಡ್ಡ, ಅವನದು.

"ಫೋಟೋ ಕಳಿಸಿದ್ಯೇನೋ?" ಫೋನಿನಲ್ಲಿ ಅಕ್ಕ ಕೇಳಿದಳು. "ಹೆಣ್ಣಿನ ಕಡೆಯವರು ಕಾಯ್ತಾ ಇದ್ದಾರೆ. ಅವಳು ತೀರ್ಕೊಂಡು ವರ್ಷಗಳೇ ಆದ್ವು, ಇನ್ನೆಷ್ಟು ದಿನ ಗೋಡೆ ಜೊತೆ ಮಾತಾಡ್ತೀಯ? ಮುಖ ಸ್ವಲ್ಪ ಬೆಳಗಿಸು, ಹರಳೆಣ್ಣೆ ಕುಡಿದವನ ಹಾಗೆ ಕಾಣ್ಬೇಡ."

ಅವನು ಮೌಸ್ ಹಿಡಿದು ಬೆಳಕನ್ನು ಬಲಕ್ಕೆ ಎಳೆದ. ಮುಖ ಬೆಳಗಿತು, ಗುಡ್ಡವೂ ಹಿಗ್ಗಿತು. ಆದರೆ ಅದರ ತುಂಬ ಸಂದು ಬಿದ್ದು, ಹಲ್ಲು ಮುರಿದ ಬಾಚಣಿಗೆಯಂತಾಯಿತು. ಇದ್ದಷ್ಟನ್ನೇ ಎಳೆದು ಇಡೀ ಜಾಗ ತುಂಬಿಸಲು ಹೋದರೆ ಹೀಗೇ ಆಗುವುದೆಂದು ಅವನೇ ಎಷ್ಟು ಗಿರಾಕಿಗಳಿಗೆ ಹೇಳಿರಲಿಲ್ಲ! "ಇಲ್ಲದ ಬೆಳಕನ್ನ ನಾನೆಲ್ಲಿಂದ ತರ್ಲಿ ಸ್ವಾಮಿ?"

ಮಾಡಿದ್ದನ್ನು ರದ್ದು ಮಾಡುವ ಕೀಲಿ ಒತ್ತಿದ. ಗುಡ್ಡ ಮತ್ತೆ ಮೂಲೆಗೆ ಮುದುಡಿಕೊಂಡಿತು. ಅಷ್ಟು ಸಾಕಿತ್ತು. ಆದರೂ ಬೆರಳು ಇನ್ನೊಮ್ಮೆ ಒತ್ತಿತು, ಕತ್ತರಿಸಿದ್ದೂ ರದ್ದಾಗಿ ಅವಳು ಬಂದು ಪಕ್ಕದಲ್ಲಿ ನಿಂತಳು.

"ಏನಾಯ್ತೋ?" ಅಕ್ಕ ಕೇಳಿದಳು.

"ನಾನೊಬ್ಬನೇ ಇರೋ ಫೋಟೋ ಇಲ್ಲ, ಅಕ್ಕ."