ಥಾರ್ನ್‌ವಿಕ್ ಅರ್ಲ್‌ನ ಹೊಸ ಮೈ

ಥಾರ್ನ್‌ವಿಕ್ ಮನೆತನದಲ್ಲಿ ಒಡೆಯನಾದ ಅರ್ಲ್ ಸಾಯುವಾಗ ಅವನ ಮನಸ್ಸನ್ನು ವಂಶದ ಹಿರಿಯ ಹುಡುಗನ ಮೈಗೆ ದಾಟಿಸುವುದು ಪದ್ಧತಿ. ಆಮೇಲೆ ಆ ಮೈಯಲ್ಲಿ ಹುಡುಗ ಇರುತ್ತಿರಲಿಲ್ಲ. ಒಂಬತ್ತು ತಲೆಮಾರಿನಿಂದ ಮೈ ಬದಲಾದರೂ ಅರ್ಲ್ ಒಬ್ಬನೇ.

ಈ ಸಲ ಮೊಮ್ಮಕ್ಕಳು ಅವಳಿಗಳು. ಹಿರಿಯ ಯಾರೆಂದು ತಿಳಿದರೆ ಓಡಿಹೋದಾನೆಂದು ಇಬ್ಬರಿಗೂ ಹೇಳಿರಲಿಲ್ಲ. ಸಾಯುತ್ತಿದ್ದ ಅಜ್ಜನ ಹಾಸಿಗೆಯ ಪಕ್ಕದಲ್ಲಿ ನಿಂತು ತಾಯಿ ಹೆಸ್ಟರ್ ಹೇಳಬೇಕಿತ್ತು. ಮೊದಲು ಹುಟ್ಟಿದವನು ಆಲ್ವಿನ್. ಅವಳಿಗೆ ಅವನೆಂದರೆ ಪ್ರಾಣ.

"ರೂಪರ್ಟ್," ಎಂದಳು.

ರೂಪರ್ಟ್ ನಕ್ಕ. "ನನ್ನ ಕುದುರೆ ನೀನಿಟ್ಕೋ ಆಲ್ವಿನ್. ಈ ಮುದುಕನಿಗೆ ಮಾತ್ರ ಕೊಡಬೇಡ."

ಅವನು ಮಂಡಿಯೂರಿ ಅಜ್ಜನ ಕೈ ಹಿಡಿದ. ಮುದುಕನ ಉಸಿರು ನಿಂತಿತು. ರೂಪರ್ಟ್‌ನ ಮೈ ಎದ್ದು ನಿಂತು, ಭುಜ ತಿರುಗಿಸಿ ನೋಡಿಕೊಂಡಿತು.

"ನೀನು ಸುಳ್ಳು ಹೇಳಿದೆ, ಹೆಸ್ಟರ್. ಇವರು ಹುಟ್ಟುವಾಗ ನಾನು ಬಾಗಿಲಲ್ಲೇ ಇದ್ದೆ."

"ಮತ್ತೆ ಯಾಕೆ ಸುಮ್ಮನಿದ್ರಿ, ಮಾವ?"

"ಆಲ್ವಿನ್‌ಗೆ ಉಬ್ಬಸ. ನನಗೆ ಇವನೇ ಬೇಕಿತ್ತು. ಪದ್ಧತಿ ಮುರಿಯುವ ಮಾತು ನಿನ್ನ ಬಾಯಿಂದ ಬರಲಿ ಅಂತ ಕಾದೆ."

ಹೆಸ್ಟರ್ ಆಲ್ವಿನ್‌ನ ತೋಳು ಹಿಡಿದುಕೊಂಡಳು.

"ಅವನನ್ನ ಜೋಪಾನ ಮಾಡು," ಎಂದ ಅರ್ಲ್. "ಬೇಟೆಯಲ್ಲಿ ಈ ಮೈಗೆ ಏನಾದ್ರೂ ಆದ್ರೆ, ಉಬ್ಬಸ ಇದ್ರೂ ನಡೆಯುತ್ತೆ."